ಹನ್ನೊಂದು ಮೀಟರ್ ದಕ್ಷಿಣಕ್ಕೆ

"ಕೋಲು ಹಿಡಿಯಾಕ ಬುದ್ಧಿ ಬೇಕಿಲ್ಲ ಅಂತನ ನಿನ್ನ ಇಟ್ಟುಕೊಂಡೀವಿ. ಬುದ್ಧಿ ತೋರಸಾಕ ಬಂದ್ರ ಕೋಲು ಇಲ್ಲೇ ಇಟ್ಟು ಹೋಗು. ಎರಡು ಕೈ ಇದ್ದ ಮಂದಿಗೇನು ಈ ಜಿಲ್ಲಾದಾಗ ಬರ ಬಂದಿಲ್ಲ."

ಗಡಿ ಕೇಂದ್ರದ ಅಧಿಕಾರಿ ನಾಡಗೌಡ ಸಾಹೇಬರು ಇದನ್ನು ಕೂಗಿ ಹೇಳಲಿಲ್ಲ. ಕೂಗಿದ್ದರೆ ನಾನೂ ಕೂಗುತ್ತಿದ್ದೆ. ಚಹಾದ ಮೇಲಿನ ಕೆನೆಯನ್ನು ಬೆರಳಿನಲ್ಲಿ ತೆಗೆದು ಬಸಿ ತಟ್ಟೆಯ ಅಂಚಿಗೆ ಒರೆಸುತ್ತ ಹೇಳಿದರು. ಕೇಂದ್ರದ ದೊಡ್ಡ ಹಾಲಿನಲ್ಲಿ ತಕರಾರು ಕೊಡಲು ಬಂದ ಐವತ್ತು ಅರವತ್ತು ಮಂದಿ ಇದ್ದರು. ಮೊದಲು ಬಾಗಿಲ ಹತ್ತಿರದವನೊಬ್ಬ ನಕ್ಕ, ಆಮೇಲೆ ಎಲ್ಲರೂ ನಕ್ಕರು. ಅವರೂ ನಮ್ಮ ಹಾಗೆಯೇ ಗೆರೆಯಿಂದ ಪೆಟ್ಟು ತಿಂದವರು. ಆದರೂ ನಕ್ಕರು. ಸಾಹೇಬರು ನಗಿಸಿದಾಗ ನಗದಿದ್ದರೆ ತಮ್ಮ ಅರ್ಜಿ ಕಡತದ ತಳಕ್ಕೆ ಹೋದೀತೆಂಬ ಭಯ. ಪಕ್ಕದಲ್ಲಿದ್ದ ನಮ್ಮಕ್ಕ ಹುಲಿಗೆವ್ವ ಸೆರಗು ಬಿಗಿಹಿಡಿದು ನೆಲ ನೋಡಿದಳು.

ನಾನು ಹೇಳಿದ್ದು ಇಷ್ಟೇ. "ಸರ್, ನಮ್ಮಕ್ಕನ ಮನಿ ಮೂವತ್ತು ವರ್ಷದಿಂದ ಅಲ್ಲೇ ಐತ್ರಿ. ಹ್ವಾದ ಯುಗಾದಿಗೆ ಸೋಲಾರ್ ಕಂಪನಿ ಹೊಲದ ಹೊರಗಿತ್ತು. ಈ ಯುಗಾದಿಗೆ ಒಳಗೈತಿ. ಮನಿ ನಡದಿಲ್ಲ, ಗೆರೆ ನಡದೈತಿ."

"ಆ ಗೆರೆಗೆ ಕೋಲು ಹಿಡಿದಾಂವ ಯಾರು?"

"ನಾನ ರೀ."

"ಓರೆ ಹಿಡಿದಿದ್ದೇನು?"

"ಇಲ್ರಿ."

"ಹಂಗಾದ್ರ ಗೆರೆ ಸರಿ ಐತಿ." ಅದಾದ ಮೇಲೆ ನಾನು "ಹಂಗಾದ್ರ ಆಕಾಶನ ತಪ್ಪಿರಬೇಕ್ರಿ" ಎಂದೆ. ಆಗ ಬಂತು ಆ ಮಾತು.

ಬಾಂದುಕಲ್ಲುಗಳನ್ನು ಕಿತ್ತು ಆಗ ಆರು ವರ್ಷವಾಗಿತ್ತು. ಕಲ್ಲು ಇದ್ದಾಗ ರಾತ್ರೋರಾತ್ರಿ ಕಲ್ಲು ಸರಿಸುತ್ತಿದ್ದರು, ಒಂದು ಕಲ್ಲಿನ ಸಲುವಾಗಿ ಅಣ್ಣತಮ್ಮಂದಿರು ತಲೆ ಒಡೆದುಕೊಳ್ಳುತ್ತಿದ್ದರು. ಅದಕ್ಕೆ ಸರ್ಕಾರ ಗಡಿಯನ್ನೆಲ್ಲ ನೆಲದಿಂದ ಎತ್ತಿ ಮೇಲಿಟ್ಟಿತು. ಇನ್ನು ಗಡಿ ಎಂದರೆ ಉಪಗ್ರಹ ಹೇಳಿದ ಅಂಕಿ. ಆಸ್ತಿ ಕೈ ಬದಲಾದ ಕಡೆಯಲ್ಲೆಲ್ಲ ಯುಗಾದಿಯ ಹೊತ್ತಿಗೆ ಅಳೆದು ಹೊಸ ಗೆರೆ ಬೀಳುತ್ತದೆ. ಯಾಕೆಂದರೆ ಆಗ ಜೋಳ ಕಿತ್ತು ಹೊಲ ಖಾಲಿ ಇರುತ್ತದೆ. ಬಿದ್ದ ಗೆರೆ ಮುಂದಿನ ಯುಗಾದಿಯ ತನಕ ಕಾನೂನು. ಟ್ರ್ಯಾಕ್ಟರು ಗೆರೆ ದಾಟಿದರೆ ತಾನೇ ನಿಲ್ಲುತ್ತದೆ. ಬೇಲಿಯಂತ್ರ ಮಾತ್ರ ನಿಲ್ಲುವುದಿಲ್ಲ. ಅದಕ್ಕೆ ಡ್ರೈವರ್ ಇಲ್ಲ. ಗೆರೆಯ ಮೇಲೆ ಕಾಲುವೆ ತೋಡುತ್ತ, ಕಂಬ ನೆಡುತ್ತ, ಅಡ್ಡ ಬಂದದ್ದನ್ನು ಗೋರುತ್ತ ಹೋಗುತ್ತದೆ.

ಇನ್ನೊಂದು ಕಾಯ್ದೆಯೂ ಉಂಟು, ಬಿಸಿಲ ಕಾಯ್ದೆ. ಹೋಳಿಯಿಂದ ಮಳೆ ಬೀಳುವ ತನಕ ಬೆಳಿಗ್ಗೆ ಹತ್ತರಿಂದ ಸಂಜೆ ಐದರವರೆಗೆ ಬಯಲಿನಲ್ಲಿ ಯಾರೂ ದುಡಿಯಬಾರದು. ಬಿಸಿಲಿಗೆ ಕೂಲಿಯವರು ಸತ್ತು ಸತ್ತು ಬಂದ ಕಾಯ್ದೆ, ಒಳ್ಳೆಯ ಕಾಯ್ದೆಯೇ. ಬೆಳಗಿನ ತಂಪು ಹೊತ್ತು ಕೇಂದ್ರದ ತಕರಾರು ಕೆಲಸಕ್ಕೇ ಹೋಗುತ್ತದೆ, ಹಾಗಾಗಿ ನಮ್ಮ ಅಳತೆಯೆಲ್ಲ ಸಂಜೆ ಐದೂವರೆಯಿಂದ ಎಂಟರವರೆಗೆ. ನೆಲದ ಮೇಲಿನ ಬಿಸಿಲನ್ನು ಲೆಕ್ಕ ಹಿಡಿದರು. ಹೊತ್ತು ಮುಳುಗಿದ ಮೇಲೆ ಆಕಾಶದಲ್ಲಿ ಏನಾಗುತ್ತದೆಂದು ಯಾರೂ ಕೇಳಲಿಲ್ಲ.

ಕೋಲು ಎಂದರೆ ಎರಡು ಮೀಟರಿನ ನಳಿಗೆ. ತಲೆಯ ಮೇಲೆ ಅಣಬೆಯಂಥ ಆಂಟೆನಾ, ಎದೆಯ ಮಟ್ಟಕ್ಕೆ ಒಂದು ಡಬ್ಬಿ. ಮೂಲೆಯಲ್ಲಿ ನೆಟ್ಟಗೆ ಊರಿ, ಅಂಕಿ ನಿಂತ ಮೇಲೆ 'ಸರಿ' ಎಂಬ ಗುಂಡಿ ಒತ್ತಬೇಕು. ಡಬ್ಬಿಯಲ್ಲಿ ಒಂದು ಹಳದಿ ದೀಪವೂ ಇದೆ. ಅಂಕಿ ನಂಬಲು ಬಾರದಿದ್ದರೆ ಅದು ಉರಿಯುತ್ತದೆ. ಸಂಜೆಯ ಹೊತ್ತು ಅದು ಬಹಳ ಉರಿಯುತ್ತಿತ್ತು, ಕೋಲಿನವರು ಕೆಲಸ ನಿಲ್ಲಿಸಿ ಕೂರುತ್ತಿದ್ದರು. ಎರಡು ವರ್ಷದ ಹಿಂದೆ ನಾಡಗೌಡರು ಎಲ್ಲ ಡಬ್ಬಿಯ ದೀಪದ ಮೇಲೂ ಕಪ್ಪು ಟೇಪು ಹಚ್ಚಿಸಿದರು. ಸಂಜೆಗೆ ನಲವತ್ತು ಮೂಲೆ ಮುಗಿಯಬೇಕು.

ಎಂಟನೇ ಇಯತ್ತೆಗೆ ಸಾಲೆ ಬಿಟ್ಟವನು ನಾನು. ಲೆಕ್ಕದ ಮಾಸ್ತರು 'ನಿನ್ನ ತಲ್ಯಾಗ ಮಣ್ಣೈತಿ' ಎಂದರು. 'ನಿಮ್ಮ ತಲ್ಯಾಗ ಅದೂ ಇಲ್ಲ' ಎಂದೆ. ಮರುದಿನದಿಂದ ಹೋಗಲಿಲ್ಲ. ಆದರೆ ಅಂಕಿ ಓದಲು ಬರುತ್ತದೆ. ಈಗ ಬರೆಯುವುದನ್ನು ಹಾಲಿನಲ್ಲಿ ನಾನು ಹೇಳಲಿಲ್ಲ, ಅಕ್ಕನಿಗೂ ಹೇಳಿರಲಿಲ್ಲ. ಯುಗಾದಿಯ ಸಂಜೆ ಮೂವತ್ತೆಂಟನೇ ಮೂಲೆಯಲ್ಲಿ ಕೋಲು ಊರಿ ನಿಂತಾಗ ಅಂಕಿ ನಿಲ್ಲಲೇ ಇಲ್ಲ. ನಾನು ಮರದ ಹಾಗೆ ನಿಂತಿದ್ದೇನೆ, ಡಬ್ಬಿಯೊಳಗಿನ ನಾನು ದಕ್ಷಿಣಕ್ಕೆ ನಡೆಯುತ್ತಿದ್ದೇನೆ. ಟೇಪಿನ ಅಂಚಿನಿಂದ ಹಳದಿ ಬೆಳಕು ಗೀರಿನಂತೆ ಕಾಣುತ್ತಿತ್ತು. ಮನೆಯಲ್ಲಿ ಹೋಳಿಗೆ ಮಾಡಿದ್ದರು. ಇನ್ನು ಎರಡೇ ಮೂಲೆ. ಒತ್ತಿಬಿಟ್ಟೆ.

ಆ ಮೂಲೆ ನಮ್ಮಕ್ಕನ ಓಣಿಯ ತುದಿ. ಹೊಸ ಗೆರೆಯೊಳಗೆ ಎರಡು ಮನೆ ಸಿಕ್ಕವು. ಒಂದು ಅಕ್ಕನದು, ಒಂದು ಗೌಂಡಿ ಯಮನಪ್ಪ ಕಾಕಾನದು. ಮರುದಿನ ಬೆಳಿಗ್ಗೆಯೇ ನಾನು ಓಡಿಹೋಗಿ ಮತ್ತೆ ಅಳೆದೆ. ಎರಡೂ ಮನೆ ಹೊರಗೇ ಇದ್ದವು, ಗೆರೆಯೇ ಹನ್ನೊಂದು ಮೀಟರ್ ದಕ್ಷಿಣಕ್ಕೆ ಸರಿದು ಬಿದ್ದಿತ್ತು. ಆದರೆ ಬಿದ್ದ ಗೆರೆಗೆ ಮರು ಅಳತೆ ಇಲ್ಲ.

ಕೇಂದ್ರದ ಹಾಲಿನಿಂದ ಮನೆಗೆ ಬಂದಾಗ ಯಮನಪ್ಪ ಕಾಕಾ ಅಕ್ಕನ ಕಟ್ಟೆಯ ಮೇಲೆ ಕುಳಿತು ಎಲೆಗೆ ಸುಣ್ಣ ಸವರುತ್ತಿದ್ದ. ಅಕ್ಕ ಒಳಗೆ ಹೋಗಿ ಹೊಲಿಗೆ ಮಷೀನಿಗೆ ಕುಳಿತಳು. ಸಿಟ್ಟು ಬಂದಾಗ ಅವಳು ಮಾತಾಡುವುದಿಲ್ಲ, ಮಷೀನು ಓಡಿಸುತ್ತಾಳೆ. ಎರಡು ಓಣಿಯ ಆಚೆಗೂ ಕೇಳುತ್ತದೆ.

"ಏನಂದ ಸಾಹೇಬ?" ಎಂದ ಕಾಕಾ.

"ಏನಂತಾನ, ನಾಯಿಗಂದಂಗ ಅಂದ. ಅಕ್ಕ ತಕರಾರು ಹಾಕ್ಯಾಳ. ತಕರಾರು ಹಾಕಿದ್ರ ಮೂವತ್ತು ದಿನ ಬೇಲಿಯಂತ್ರ ಬರೂದಿಲ್ಲ. ಕಾಕಾ, ನೀನೂ ಹಾಕು. ಹಾಕಲಿಲ್ಲಂದ್ರ ಎಂಟನೇ ದಿನಕ್ಕ ಬರ್ತೈತಿ."

"ನಾ ಕಾಗದಕ್ಕ ಹೆಬ್ಬಟ್ಟು ಒತ್ತಿ ಬಂದ್ನಿ, ತಮ್ಮಾ. ತಕರಾರಿಲ್ಲ ಅಂತ."

"ಹುಚ್ಚ ಹಿಡದೈತೇನು ನಿನಗ?"

"ಮನಶ್ಯಾ ಸುಳ್ಳು ಹೇಳ್ತಾನೋ, ಮ್ಯಾಲಿಂದು ಯಾಕ ಹೇಳ್ತೈತಿ? ಅದರಾಗ ಕೋಲು ಹಿಡದಾಂವ ನೀನು. ಬ್ಯಾರೆ ಯಾರರ ಆಗಿದ್ರ ಜಗಳಾ ತಗೀತಿದ್ನಿ." ಕಾಕಾ ಎಲೆ ಬಾಯಿಗಿಟ್ಟು ತನ್ನ ಮನೆಯ ಗೋಡೆಯ ಕಡೆ ನೋಡಿದ. ಅವನೇ ಕಟ್ಟಿದ ಗೋಡೆ. ಊರಿನ ಅರ್ಧ ಮನೆ ಅವನು ಕಟ್ಟಿದ್ದು. "ನಾನ ಪಾಯಾ ತೋಡುವಾಗ ತಪ್ಪಿರಬೇಕು. ಆಗ ಹರೇದಾಗ ನದರು ಬ್ಯಾರೆ ಕಡೆ ಇರ್ತಿತ್ತು."

ಕಾಕಾ ನಕ್ಕ. ಒಳಗೆ ಮಷೀನು ನಿಂತಿತು. ಆಗ ಹೇಳಬಹುದಿತ್ತು. ಬಾಯಿ ತೆರೆದೆ, ಬಂದದ್ದು ಬೇರೆ ಮಾತು. "ನಾಳೆ ಕೇಂದ್ರಕ್ಕ ಹೋಗಿ ಕೇಳ್ತೀನಿ, ತಡಿ."

ಕೇಂದ್ರದ ಕಂಟ್ರೋಲ್ ರೂಮಿನಲ್ಲಿ ಶಾಹೀನ್ ಮೇಡಂ ಒಬ್ಬರೇ ಕೂರುತ್ತಾರೆ. ಜಿಲ್ಲೆಯ ಮುನ್ನೂರು ಕೋಲುಗಳಿಗೆ ತಿದ್ದುಪಡಿ ಕಳಿಸುವ ಪರದೆಗಳು ಅವರ ಎದುರಿಗೆ. ನನ್ನನ್ನು ಕಂಡದ್ದೇ, "ನಿನ್ನೆ ಹಾಲಿನಾಗ ನೀ ಅಂದಿದ್ದು ಕೇಳಿಸ್ತು. ಆಕಾಶ ತಪ್ಪಿರಬೇಕು ಅಂದಿ. ಯಾಕ ಹಂಗಂದಿ?" ಎಂದರು.

"ಅಂಕಿ ಹರದಾಡ್ತಾವ್ರಿ ಸಂಜೀಕ," ಎಂದೆ. ಯಾವ ಸಂಜೆ ಎಂದು ಹೇಳಲಿಲ್ಲ.

ಅವರು ಎದ್ದು ಬಾಗಿಲು ಹಾಕಿ ಬಂದು ಯುಗಾದಿಯ ದಿನದ ಒಂದು ಚಿತ್ರ ತೆರೆದರು. ಕೆಂಪು, ಹಳದಿ, ನೀಲಿ ಬಣ್ಣದ ದೇಶದ ನಕಾಶೆ. "ಕಣದಾಗ ಜೋಳದ ರಾಶಿ ನೋಡೀದಿ ಹೌದಿಲ್ಲೊ? ಹಂಗ ತಿಳಕೋ. ನೆಲದಿಂದ ಮುನ್ನೂರು ಕಿಲೋಮೀಟರ್ ಮ್ಯಾಲೆ ಬಿಸಲು ಗಾಳಿನ್ನ ಒಡದು ವಿದ್ಯುತ್ ಕಣಾ ಮಾಡ್ತೈತಿ. ಉಪಗ್ರಹದ ಸಂಕೇತ ಆ ಪದರಾ ದಾಟಿ ಬರಬೇಕು. ಪದರಾ ದಪ್ಪ ಇದ್ದಲ್ಲಿ ತಡಾ ಆಗ್ತೈತಿ. ತಡಾ ಆದ್ರ ದೂರ ಅನಸ್ತೈತಿ, ಜಾಗಾ ತಪ್ಪತೈತಿ."

"ಅದಕ್ಕ ತಿದ್ದುಪಡಿ ಕಳಸ್ತೀರಲ್ರಿ ನೀವು."

"ಕಳಸ್ತೀನಿ. ಎಲ್ಲಿ ಅಳದು? ಉತ್ತರಕ್ಕ ನೂರಾ ಹತ್ತು ಕಿಲೋಮೀಟರ್ ಆಚಿನ ಸ್ಟೇಷನ್‌ದಾಗ. ಹತ್ತರದ್ದು ಕೆಟ್ಟು ಎರಡು ವರ್ಷಾತು, ಯಾರಿಗೆ ಬೇಕಾಗೈತಿ." ಅವರು ನಕಾಶೆಯ ತಳದಲ್ಲಿ, ದೇಶದ ತೆಂಕಣ ತುದಿಯ ಹತ್ತಿರ ಬೆರಳಿಟ್ಟರು. "ಭೂಮಿಯ ಕಾಂತದ ನಡುಗೆರೆ ಇಲ್ಲಿ ಹಾಯ್ದು ಹೋಗ್ತೈತಿ. ಇದರ ಮ್ಯಾಲೆ ಆ ಕಣಾ ಕಾರಂಜಿ ಹಂಗ ಮ್ಯಾಲೆ ಚಿಮ್ಮಿ, ಎರಡೂ ಬಾಜೂಕ ಬೀಳ್ತಾವ. ರಾಶಿ ಬೀಳೂದು ನಮ್ಮ ಉತ್ತರಕ್ಕ. ನಾವು ಇರೂದು ರಾಶಿಯ ಇಳಿಜಾರಿನಾಗ. ಸುಮ್ಮನಿದ್ದ ದಿನ ಇಳಿಜಾರು ಸಣ್ಣದು, ನಡೀತೈತಿ. ಆದ್ರ ಸೂರ್ಯನಿಂದ ಗಾಳಿ ಜೋರು ಬಂದು ಭೂಮಿಯ ಕಾಂತಕ್ಕ ಬಡೀತು ಅಂದ್ರ, ಧ್ರುವದಾಗ ಎದ್ದ ವಿದ್ಯುತ್ತು ನಿಮಿಷದಾಗ ಇಲ್ಲಿಗೆ ಮುಟ್ಟತೈತಿ. ಕಾರಂಜಿ ಎರಡು ಪಟ್ಟು ಏರ್ತೈತಿ. ಇಳಿಜಾರು ಕಡಿದು ಆಗ್ತೈತಿ. ಸ್ಟೇಷನ್ ನೋಡೂ ಆಕಾಶನ ಬ್ಯಾರೆ, ನಿನ್ನ ತಲೀ ಮ್ಯಾಲಿನ ಆಕಾಶನ ಬ್ಯಾರೆ. ಅದೂ ಹೊತ್ತು ಮುಳಗೂ ಹೊತ್ತಿಗೆ ಬಂದ್ರ ಮುಗೀತು. ಪದರದ ತಳಾ ಹರದು ಪೊಳ್ಳು ಗುಳ್ಳಿ ಏಳ್ತಾವ, ಅಂಕಿ ನಿಲ್ಲೂದ ಇಲ್ಲ."

"ಯುಗಾದಿ ದಿನ ಹಂಗಾಗಿತ್ತೇನ್ರಿ?"

ಅವರು ಪರದೆ ಕಡೆ ಗದ್ದ ತೋರಿಸಿದರು. ನಮ್ಮ ಊರಿನ ಮೇಲೆ ಬಣ್ಣ ಗೋಡೆ ಕಡಿದ ಹಾಗೆ ಒಮ್ಮೆಲೇ ದಪ್ಪ ಪದರದ ಕೆಂಪಿನಿಂದ ತೆಳು ಪದರದ ನೀಲಿಗೆ ಬಿದ್ದಿತ್ತು. "ಎರಡು ಸಲ ಬರದು ಕೊಟ್ಟೀನಿ. ಸಾಹೇಬರು ಕಡತದಾಗ ಇಟ್ಟಾರ. ಅವರ ಮ್ಯಾಲೂ ಇನ್ನೊಬ್ಬ ಸಾಹೇಬ ಅದಾನಲ್ಲ."

"ಇದನ್ನ ಹಾಲಿನಾಗ ಯಾಕ ಹೇಳಲಿಲ್ರಿ ನೀವು? ನನ್ನ ನೋಡಿ ನಗೂದು ಕೇಳಸ್ತಲ್ಲ?" ನನ್ನ ದನಿ ಏರಿತು.

ಶಾಹೀನ್ ಮೇಡಂ ನನ್ನನ್ನೇ ದಿಟ್ಟಿಸಿದರು. "ನಂದೂ ಗುತ್ತಿಗಿ ನೌಕರಿನ ಐತಿ, ದುರುಗೇಶ."

ಒಂದೇ ದಾರಿ ಇತ್ತು. ಯಂತ್ರ ತಪ್ಪು ಎಂದು ತಕರಾರು ಹಾಕಿದವರು ಒಮ್ಮೆ, ಒಂದೇ ಒಮ್ಮೆ, ತಾವು ಕೇಳಿದ ದಿನ ಮತ್ತು ಹೊತ್ತಿಗೆ ಪರೀಕ್ಷೆ ಕೇಳಬಹುದು. ಒಂದು ಅಲುಗದ ಕಲ್ಲಿನ ಮೇಲೆ ಅಧಿಕಾರಿಯ ಎದುರಿಗೆ ಒಂದು ತಾಸು ಕೋಲು ನಿಲ್ಲಿಸಬೇಕು. ಅಂಕಿ ಒಂದು ಮೀಟರ್ ಮೀರಿ ಸರಿದರೆ ಯಂತ್ರ ತಪ್ಪು, ಅದರಲ್ಲಿ ಬಿದ್ದ ಗೆರೆ ರದ್ದು. ಸರಿಯದಿದ್ದರೆ ತಕರಾರು ಅಲ್ಲಿಗೇ ವಜಾ. ಎಲ್ಲರೂ ತಂಪು ಹೊತ್ತೆಂದು ಬೆಳಿಗ್ಗೆ ಕೇಳುತ್ತಾರೆ, ಎಲ್ಲರೂ ಸೋಲುತ್ತಾರೆ.

"ಯಾವತ್ತ ಕೇಳಲಿ?" ಎಂದೆ.

"ಸೂರ್ಯನ ಮ್ಯಾಲೆ ಒಂದು ತೂತು ಐತಿ, ಅಲ್ಲಿಂದ ಆ ಗಾಳಿ ಬಂದಿದ್ದು. ಸೂರ್ಯ ಒಂದು ಸುತ್ತು ತಿರುಗಿ ಆ ತೂತು ಮತ್ತ ನಮ್ಮ ಕಡೆ ಬರಾಕ ಇಪ್ಪತ್ತೇಳು ದಿನ. ಯುಗಾದಿಯಿಂದ ಎಣಸು. ಸಂಜೀ ಏಳಕ್ಕ ಕೇಳು." ಆಮೇಲೆ ಅವರೇ ಸೇರಿಸಿದರು, "ಬರಬಹುದು, ಬರದನೂ ಇರಬಹುದು. ಮುಂಜಾನೆ ಬಂದು ಸಂಜೀಕ ಎಲ್ಲಾ ಅಡಗಿಸಿ ಬಿಡಲೂಬಹುದು. ನಾ ಬರದು ಕೊಡಾಂಗಿಲ್ಲ."

ಅಕ್ಕನ ಹೆಸರಿನಲ್ಲಿ ಆ ದಿನಕ್ಕೆ, ಆ ಹೊತ್ತಿಗೇ ಪರೀಕ್ಷೆ ಕೇಳಿ ಬರೆದುಕೊಟ್ಟು ಬಂದೆ. ಯುಗಾದಿಯಿಂದ ಎಂಟನೇ ದಿನ ಸಂಜೆ ಬೇಲಿಯಂತ್ರ ಬಂತು. ಕಾಕಾನ ಮನೆಯನ್ನು ಅದು ಕೆಡವಿತು ಎನ್ನುವುದಕ್ಕಿಂತ ತಿಂದಿತು ಎನ್ನಬೇಕು. ತಲೆಬಾಗಿಲಿನಿಂದ ಹಿತ್ತಿಲಿನವರೆಗೆ ಹೋಗಲು ನಲವತ್ತು ನಿಮಿಷ. ಅಕ್ಕನ ಗೋಡೆಯ ಹತ್ತಿರ ಬಂದಾಗ, ತಡೆ ಇದೆಯೆಂದು ಗೊತ್ತಿದ್ದ ಹಾಗೆ, ಎರಡು ಕೆಂಪು ದೀಪ ಹಾಕಿ ಸುತ್ತಿಕೊಂಡು ಹೋಯಿತು. ಕಾಕಾ ಉದುರಿದ ಇಟ್ಟಿಗೆಯಲ್ಲಿ ಒಡೆಯದವನ್ನು ಆರಿಸಿ ಸಾಲಾಗಿ ಜೋಡಿಸುತ್ತಿದ್ದ. ಅವನ ಹೆಂಡತಿ ಸಾಲೆಯ ವರಾಂಡದಲ್ಲಿ ಒಲೆ ಹೂಡಿದಳು. ಊರಿನವರು ನೋಡಿ, ಆಕಾಶಕ್ಕೊಂದು ಕೈ ಮುಗಿದು, ಮನೆಗೆ ಹೋದರು.

ಅಂದಿನಿಂದ ನನಗೆ ಕೂತಲ್ಲಿ ಕೂರಲಾಗಲಿಲ್ಲ. ಉಣ್ಣುತ್ತ ಎದ್ದು ಹೊರಗೆ ಹೋಗಿ ಮೇಲೆ ನೋಡುವುದು, ಅಲ್ಲಿ ಏನೂ ಕಾಣದು. ಬಿರುಗಾಳಿ ಎಂದರೆ ಮರ ಅಲ್ಲಾಡಬೇಕು, ಧೂಳು ಏಳಬೇಕು. ಇದು ಯಾವ ಬಿರುಗಾಳಿ, ಒಂದು ಎಲೆಯೂ ಅಲುಗದೆ ಮನೆ ಕೆಡವುವಂಥದ್ದು? ದಿನಾ ಕೆಲಸ ಮುಗಿಸಿ ಕೋಲನ್ನು ಮನೆಗೆ ತಂದು, ಅಕ್ಕನ ಅಂಗಳದಲ್ಲಿ ಹೂತ ಒರಳುಕಲ್ಲಿನ ಗುಣಿಯಲ್ಲಿ ಊರಿ ಅಂಕಿ ಬರೆದೆ. ಅಂಕಿ ಸರಿದದ್ದು ನಾಲ್ಕು ಬೆರಳು, ಒಂದು ಗೇಣು. ಒಂದು ಸಂಜೆ ಒಂದು ಮೊಳ. ಮೀಟರ್ ದಾಟಲಿಲ್ಲ.

"ಅಂಗಳದಾಗ ಅದೇನು ಪೂಜಿ ಮಾಡ್ತೀಯೋ ದಿನಾ," ಎಂದಳು ಅಕ್ಕ. "ಬರಲಿಲ್ಲಂದ್ರ ಏನ ಮಾಡೂದು ಅದನ್ನ ಹೇಳು ಮೊದಲ. ಮಷೀನು ಎಲ್ಲಿ ಇಡಬೇಕು ನಾ? ನಲವತ್ತು ಜಂಪರ್ ಹೊಲಿಯಾಕ ಒಪ್ಪಕೊಂಡೀನಿ."

"ಬರ್ತೈತಿ."

"ಯಾರಂದ್ರು?"

"ಸೂರ್ಯ ಬರ್ತೀನಂದಾನ."

"ಹಂಗಂದ್ರ ಚಹಾಕ್ಕೂ ಇಡಲೇನು?" ಅಕ್ಕ ನಕ್ಕಳು. ಅಕ್ಕ ನಕ್ಕಿದ್ದು ಎಷ್ಟೋ ದಿನಕ್ಕೆ. ನನಗೆ ನಗಲಾಗಲಿಲ್ಲ.

ಇಪ್ಪತ್ತೇಳನೇ ದಿನ ನಾಡಗೌಡ ಸಾಹೇಬರು ಜೀಪಿನಲ್ಲಿ ಬಂದರು. ಓಣಿಯೆಲ್ಲ ಅಂಗಳದಲ್ಲಿ ಸೇರಿತ್ತು. ಯಮನಪ್ಪ ಕಾಕಾನೂ ಬಂದಿದ್ದ, ಕೈಯಲ್ಲಿ ತನ್ನ ತೂಕದ ಗುಂಡು ಹಿಡಿದು. ಗೋಡೆ ನೆಟ್ಟಗಿದೆಯೇ ಎಂದು ಗೌಂಡಿಗಳು ದಾರಕ್ಕೆ ಕಟ್ಟಿ ಬಿಡುವ ಗುಂಡು ಅದು.

"ಹಿಡೀಪಾ ಪಂಡಿತ ನಿನ್ನ ಕೋಲು," ಎಂದರು ಸಾಹೇಬರು.

"ಇವತ್ತ ನಾ ಹಿಡ್ಯೂದಿಲ್ರಿ. ನಾ ಹಿಡದ್ರ ಓರೆ ಅಂತೀರಿ. ನೀವ ಹಿಡೀರಿ."

ಸಾಹೇಬರು ಸುತ್ತ ನೋಡಿದರು. ಅಷ್ಟು ಮಂದಿಯ ಎದುರಿಗೆ ಒಲ್ಲೆ ಎನ್ನಲಾಗಲಿಲ್ಲ. ಒರಳಿನ ಗುಣಿಯಲ್ಲಿ ಊರಿ ಹಿಡಿದರು. ನಾನು ಬಾಗಿ ಡಬ್ಬಿಯ ಟೇಪನ್ನು ಉಗುರಿನಿಂದ ಕಿತ್ತೆ. ಕಾಕಾ ದಾರ ಬಿಟ್ಟು, ಒಂದು ಕಣ್ಣು ಮುಚ್ಚಿ ನೋಡಿ, "ಕೋಲು ನೆಟ್ಟಗೈತಿ," ಎಂದ.

ಏಳು ಗಂಟೆ. ಅಂಕಿ ಕಲ್ಲಿನಲ್ಲಿ ಕೆತ್ತಿದ ಹಾಗೆ ನಿಂತಿತ್ತು. ಏಳೂ ಹತ್ತು. ಏಳೂ ಕಾಲು, ನಾಲ್ಕು ಬೆರಳು. ಬಂದವರು ಗುಸುಗುಸು ಆರಂಭಿಸಿದರು. ಕೂಸುಗಳು ಅತ್ತವು. ಸಾಹೇಬರ ತೋಳು ನೋಯುತ್ತಿರಬೇಕು, ಕೈ ಬದಲಿಸಿದರು. "ಇದರ ಸಲುವಾಗಿ ನನ್ನ ಒಂದು ಸಂಜೀ ಹಾಳ ಮಾಡಿದ್ಯಲ್ಲೋ." ಏಳೂವರೆ, ಒಂದು ಗೇಣು. ಅಕ್ಕ ಒಳಗೆ ಹೋದಳು. ಮಷೀನಿನ ಮೇಲಿನ ಬಟ್ಟೆಗಳನ್ನು ಗಂಟು ಕಟ್ಟುತ್ತಿರುವುದು ಬಾಗಿಲಿನಿಂದ ಕಾಣುತ್ತಿತ್ತು.

ಏಳೂ ನಲವತ್ತೊಂದಕ್ಕೆ ಹಳದಿ ದೀಪ ಹತ್ತಿತು.

ಆಮೇಲೆ ಅದು ಯಾರಿಗೂ ಕಾಯಲಿಲ್ಲ. ಒಂದು ಮೊಳ. ಒಂದು ಮೀಟರ್. ಮೂರು. ಸಾಹೇಬರು ಕೋಲನ್ನು ಎರಡೂ ಕೈಯಿಂದ ಬಿಗಿಹಿಡಿದರು, ಹಿಡಿದಷ್ಟೂ ಡಬ್ಬಿಯೊಳಗಿನ ಸಾಹೇಬರು ದಕ್ಷಿಣಕ್ಕೆ ನಡೆದರು. ಐದು. ನಾನು ಜೋರಾಗಿ ಓದುತ್ತಿದ್ದೆ. "ಏಳು ಮೀಟರ್. ಸಾಹೇಬರು ಅಂಗಳಾ ದಾಟಿದ್ರು. ಒಂಬತ್ತು. ಸಾಹೇಬರು ಈಗ ಗಟಾರದಾಗ ಇಳದ್ರು."

ಯಾರೋ ನಕ್ಕರು. ಆಮೇಲೆ ಓಣಿಯೆಲ್ಲ ನಕ್ಕಿತು. ಕಾಕಾ ಮಾತ್ರ ಮತ್ತೊಮ್ಮೆ ದಾರ ಬಿಟ್ಟು ನೋಡಿ, "ಕೋಲು ನೆಟ್ಟಗ ಐತ್ರಿ," ಎಂದ.

ಜೀಪಿನ ವೈರ್‌ಲೆಸ್ಸಿನಲ್ಲಿ ಶಾಹೀನ್ ಮೇಡಂ ದನಿ ಬಂತು, ಕರಕರ ಸದ್ದಿನ ನಡುವೆ. "ಸರ್, ಇಲ್ಲಿ ಎಲ್ಲಾ ಕೋಲೂ ಸರೀಲಿಕ್ಕ ಹತ್ಯಾವ. ಜಿಲ್ಲಾದಾಗ ಒಂದೂ ನಿಂತಿಲ್ಲ. ಯುಗಾದಿ ದಿನದ್ದ ಹಂಗ. ಏನ ಮಾಡ್ಲಿ? ಬರದ ಕೊಡ್ಲೇನು?"

ಸಾಹೇಬರು ಬಹಳ ಹೊತ್ತು ಅಂಕಿ ನೋಡಿದರು. ಅವರ ಮುಖದಲ್ಲಿ ನಾನು ಸಿಟ್ಟು ಹುಡುಕುತ್ತಿದ್ದೆ, ಇರಲಿಲ್ಲ. ತನ್ನ ಕೈಯಲ್ಲಿದ್ದ ನೆಟ್ಟನೆಯ ಕೋಲು ಸುಳ್ಳು ಹೇಳಿದ್ದನ್ನು ಕಂಡ ಮನುಷ್ಯನ ಮುಖ ಅದು. "ಎಲ್ಲಾ ಕೆಲಸಾ ನಿಲ್ಲಸ್ರಿ," ಎಂದರು ವೈರ್‌ಲೆಸ್ಸಿಗೆ. "ಬೇಲಿಯಂತ್ರಾನೂ. ಬರದ ಕೊಡ್ರಿ." ಅಕ್ಕನ ತಕರಾರು ಕಾಗದವನ್ನು ಜೀಪಿನ ಬಾನೆಟ್ಟಿನ ಮೇಲಿಟ್ಟು, 'ಯಂತ್ರ ತಪ್ಪು, ಯುಗಾದಿಯ ಸಂಜೆಯ ಗೆರೆಗಳು ರದ್ದು' ಎಂದು ಬರೆದು ರುಜು ಹಾಕಿದರು. ಅಕ್ಕ ಅದನ್ನು ತಲೆಕೆಳಗು ಹಿಡಿದು ನೋಡಿದಳು, ಆಮೇಲೆ ಕಣ್ಣಿಗೊತ್ತಿಕೊಂಡು ಗಂಟು ಬಿಚ್ಚಲು ಒಳಗೆ ಹೋದಳು. ಯಾರೋ ನನ್ನ ಬೆನ್ನು ತಟ್ಟಿದರು. ಯಾರೋ ಸೀಟಿ ಹೊಡೆದರು. ಇಪ್ಪತ್ತೇಳು ದಿನ ಎದೆಯಲ್ಲಿ ಇಟ್ಟುಕೊಂಡಿದ್ದ ಮಾತುಗಳನ್ನೆಲ್ಲ ಸಾಹೇಬರ ಮುಖಕ್ಕೆ ಹೊಡೆಯಲು ನಾನು ಬಾಯಿ ತೆರೆದೆ.

"ದುರುಗ್ಯಾ."

ಯಮನಪ್ಪ ಕಾಕಾ ಒರಳಿನ ಹತ್ತಿರವೇ ಕುಕ್ಕರಗಾಲಲ್ಲಿ ಕುಳಿತಿದ್ದ. ಕೋಲು ಈಗ ಅವನ ಭುಜಕ್ಕೆ ಒರಗಿತ್ತು. ಡಬ್ಬಿಯ ಹಳದಿ ಬೆಳಕು ಅವನ ಗಡ್ಡದ ಮೇಲೆ ಬಿದ್ದಿತ್ತು. ಅವನು ತೂಕದ ಗುಂಡಿನ ದಾರವನ್ನು ಬೆರಳಿಗೆ ನಿಧಾನ ಸುತ್ತುತ್ತಿದ್ದ.

"ಏನ್ ಕಾಕಾ?"

"ಈ ಅಂಕಿ ಹಿಂಗ ಓಡ್ತಾವಲ್ಲ, ನನ್ನಂಥ ಹೆಬ್ಬಟ್ಟಿಗೂ ಕಾಣಸ್ತು." ಅವನ ದನಿಯಲ್ಲಿ ಜಗಳವಿರಲಿಲ್ಲ. ಗೊತ್ತಿಲ್ಲದ್ದನ್ನು ಕೇಳುವ ಹಾಗೆ ಕೇಳಿದ. "ಯುಗಾದಿ ದಿನ ಕೋಲು ನಿನ್ನ ಕೈಯಾಗಿತ್ತು. ಅವತ್ತೂ ಹಿಂಗ ಓಡಿದ್ವೇನು? ನಿನಗ ಕಂಡಿತ್ತೇನೋ, ತಮ್ಮಾ?"

ಸೀಟಿ ನಿಂತಿತು. ಸಾಹೇಬರೂ ತಿರುಗಿ ನನ್ನ ಕಡೆ ನೋಡಿದರು.

ನಾನು ಚಪ್ಪಲಿ ಮೆಟ್ಟಿಕೊಂಡೆ. ಜನ ದಾರಿ ಬಿಟ್ಟರು. ಕಾಕಾನ ಮನೆ ಇದ್ದ ಜಾಗದಲ್ಲಿ ಬೇಲಿಯ ಕಾಲುವೆ ಬಾಯಿ ತೆರೆದಿತ್ತು, ಅದರ ಅಂಚಿಗೆ ಅವನು ಜೋಡಿಸಿಟ್ಟ ಇಟ್ಟಿಗೆಯ ಸಾಲು ಒಂದು ಎಳೆಯೂ ಓರೆಯಾಗಿರಲಿಲ್ಲ. ಅದರ ಪಕ್ಕದಿಂದ ಹಾದು, ಓಣಿ ದಾಟಿ, ನಾನು ನಡೆಯುತ್ತಲೇ ಹೋದೆ.